ದಪ್ಪ ಕಾದಂಬರಿಗಳನ್ನು ನೀವೆಲ್ಲ ಹೇಗೆ ಓದುತ್ತೀರಿ? ಮೂರನೇ ಸಲಕ್ಕೆ ‘ಮಲೆಗಳಲ್ಲಿ ಮದುಮಗಳು’ ಮುಗಿಸಿದೆ

ತುಂಗೆ ಪಕ್ಕದವಳು:

ಮೊನ್ನೆ ರಾತ್ರಿ ಹನ್ನೊಂದೂವರೆಗೆ ‘ಮಲೆಗಳಲ್ಲಿ ಮದುಮಗಳು’ ಮುಗಿಯಿತು. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇದು ಮೂರನೇ ಸಲ. ಮೊದಲು ಡಿಗ್ರಿ ಓದುವಾಗ ಹಿಡಿದಿದ್ದೆ. ನಲವತ್ತು ಪುಟಕ್ಕೆ ನಿಂತಿತು. ಎರಡನೇ ಸಲ 2020ರ ಲಾಕ್‌ಡೌನ್‌ನಲ್ಲಿ. ಆಗ ನೂರೈವತ್ತು ಪುಟದವರೆಗೆ ಬಂದೆ. ಅಷ್ಟರಲ್ಲಿ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಎಲ್ಲಾ ತಲೆಯಲ್ಲಿ ಕಲಸಿಹೋಗಿ, ಯಾರು ಯಾವ ಮನೆಯವರು ಅಂತಲೇ ತಿಳಿಯದೆ ಪುಸ್ತಕ ಕಪಾಟು ಸೇರಿತು.

ಈ ಸಲ ಅಮ್ಮ ಜೊತೆಗಿದ್ದರು. ಅವರಿಗೆ 74. ಕಣ್ಣಿಗೆ ಪೊರೆ ಬಂದಿದೆ, ಶುಗರ್ ಇಳಿಯುವವರೆಗೂ ಆಪರೇಷನ್ ಬೇಡ ಅಂದಿದ್ದಾರೆ ಡಾಕ್ಟರು. ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದು ನಮ್ಮನೆಯಲ್ಲಿ ಇದ್ದಾರೆ. ಜೂನ್ ಮೊದಲ ವಾರ ಒಂದು ರಾತ್ರಿ ಊಟ ಆದ ಮೇಲೆ, "ಸುಮ್ನೆ ಕೂತ್ಕೊಂಡು ಏನ್ ಮಾಡೋದು, ಏನಾದ್ರೂ ಓದಿ ಹೇಳು" ಅಂದರು. ಕಪಾಟಿನಲ್ಲಿ ಕೈಗೆ ಮೊದಲು ಸಿಕ್ಕಿದ್ದು ಇದೇ.

ಎರಡು ಪುಟ ಓದುವಷ್ಟರಲ್ಲಿ ಅಮ್ಮ ತಡೆದರು. "ಅದು ಹಾಗಲ್ಲ ಮಾರಾಯ್ತಿ, ಸ್ವಲ್ಪ ಎಳೆದು ಹೇಳ್ಬೇಕು." ನಾನು ಎಳೆದು ಹೇಳಿದೆ. ಆ ಕ್ಷಣಕ್ಕೆ ಮಾತು ಅರ್ಥವಾಯಿತು! ಕಣ್ಣಲ್ಲಿ ಓದುವಾಗ ಕಷ್ಟ ಅನಿಸಿದ್ದ ಮಾತೆಲ್ಲ ಬಾಯಲ್ಲಿ ಬಂದಾಗ ನಮ್ಮಜ್ಜಿ ಮಾತಾಡಿದಂತೆಯೇ ಕೇಳಿಸಿತು. ಕಂಬಳಿಕೊಪ್ಪೆ ಬಂದಾಗ ಅಮ್ಮ ಎದ್ದು ಹೋಗಿ ಬೆಡ್‌ಶೀಟ್ ತಂದು ಹೇಗೆ ಮಡಚಿ ತಲೆ ಮೇಲೆ ಹಾಕಿಕೊಳ್ಳಬೇಕು ಅಂತ ತೋರಿಸಿದರು. ಹೆಂಗಸರಿಗೆ ಗೊರಬು, ಗಂಡಸರಿಗೆ ಕಂಬಳಿ, ಗೊರಬು ಹಾಕಿಕೊಂಡರೆ ಬಗ್ಗಿ ನಾಟಿ ಮಾಡುವಾಗ ಬೆನ್ನು ನೆನೆಯೋದಿಲ್ಲ ಅಂತೆಲ್ಲ ಹೇಳಿದರು. ಆ ರಾತ್ರಿ ಓದಿದ್ದು ಆರೇ ಪುಟ.

ದಿನಕ್ಕೆ ಹತ್ತು ಹದಿನೈದು ಪುಟ. ಕೆಲವು ದಿನ ಒಂದೂ ಇಲ್ಲ. ನನ್ನ ಪ್ರತಿಯಲ್ಲಿ 700ಕ್ಕೂ ಜಾಸ್ತಿ ಪುಟ ಇದೆ. ಮಳೆಗಾಲ ಪೂರ್ತಿ ಹಿಡಿಯಿತು. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುವಾಗ ನಾವೂ ನಡೆದೆವು. ಓಡಿಸಿಕೊಂಡು ಓದಿದ್ದರೆ ಇದು ಸಿಗುತ್ತಿರಲಿಲ್ಲ. ನನ್ನ ಎರಡು ಸಲದ ಸೋಲಿಗೂ ನಾನು ಮಾಡಿದ ಅವಸರವೇ ಕಾರಣ ಅಂತ ಈಗ ಅನಿಸುತ್ತಿದೆ.

ನೀವು ದಪ್ಪ ಪುಸ್ತಕ ಹೇಗೆ ಓದುತ್ತೀರಿ? ಈಚೆಗೆ ಏನು ಓದಿದಿರಿ? ಒಂದೇ ವಿನಂತಿ. ಹುಲಿಯನಿಗೆ ಕೊನೆಗೆ ಏನಾಗುತ್ತದೆ ಅಂತ ಮಾತ್ರ ಇಲ್ಲಿ ಬರೆಯಬೇಡಿ. ಇನ್ನೂ ಓದದವರು ಇರುತ್ತಾರೆ.

ಗುಬ್ಬಚ್ಚಿ:

ಅಕ್ಕ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನದು ಬೇರೆ ಅಭಿಪ್ರಾಯ. ನಾನು ಅರವತ್ತು ಪುಟಕ್ಕೆ ಬಿಟ್ಟವಳು. ಬಿಟ್ಟಿದ್ದಕ್ಕೆ ಬೇಜಾರೂ ಇಲ್ಲ. ಆಫೀಸಿಂದ ಬರುವಾಗ ಎಂಟೂವರೆ. ಮಲಗುವ ಮೊದಲು ಅರ್ಧ ಗಂಟೆ ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ ನಲವತ್ತು ಹೆಸರು ನೆನಪಿಟ್ಟುಕೊಳ್ಳಬೇಕು ಅಂದರೆ ಅದು ಓದಲ್ಲ, ಪರೀಕ್ಷೆ.

ಹೋದ ತಿಂಗಳು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದೆ. ಒಂದು ಭಾನುವಾರ ಮಧ್ಯಾಹ್ನ ಶುರು ಮಾಡಿ ಸಂಜೆ ಕಾಫಿಗೆ ಮುಗಿಸಿದೆ. ಆದರೆ ಅದು ನನ್ನನ್ನು ಬಿಟ್ಟಿದ್ದು ಎರಡು ವಾರ ಆದ ಮೇಲೆ. ಆ ಮನೆಯಲ್ಲಿ ಇರುವೆ ಕೊಲ್ಲುವ ರೀತಿ ಇದೆಯಲ್ಲ, ಅದನ್ನು ಓದಿದ ಮೇಲೆ ನಮ್ಮ ಅಡುಗೆಮನೆ ಕಟ್ಟೆ ಮೇಲೆ ಇರುವೆ ಸಾಲು ಕಂಡರೆ ಕೈ ಹಿಂದೆ ಬರುತ್ತದೆ. ಸಣ್ಣ ಪುಸ್ತಕ ಅಂದ ಮಾತ್ರಕ್ಕೆ ಬೇಗ ಮುಗಿಯೋದಿಲ್ಲ ಅಲ್ವಾ?

ಇನ್ನೊಂದು ಮಾತು. ದಪ್ಪ ಪುಸ್ತಕ ಅಂತ ನನಗೇನೂ ಭಯ ಇಲ್ಲ. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ ನಾಲ್ಕೇ ದಿನದಲ್ಲಿ ಓದಿದ್ದೆ. ಲಿಸ್ಬನ್ನಿಗೂ ವಿಜಯನಗರಕ್ಕೂ ಓಡಾಡಿಸುವ ಕಾದಂಬರಿ, ಆದರೆ ಎಲ್ಲೂ ಎಡವಲಿಲ್ಲ. ಕುವೆಂಪು ಅವರ ಪುಸ್ತಕದಲ್ಲಿ ನನ್ನನ್ನು ತಡೆದದ್ದು ಪುಟಗಳಲ್ಲ, ಮಾತು. ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರ. ನನಗೆ ಆ ಮಾತು ಹೇಳಿಕೊಡುವ ಅಮ್ಮ ಇಲ್ಲ.

ಸಾಧನಕೇರಿ:

ಗುಬ್ಬಚ್ಚಿ ಅವರೇ, ಮಾತಿನ ತೊಡಕು ನಮಗೂ ಇತ್ತು. ಧಾರವಾಡದವರಿಗೆ ಮಲೆನಾಡಿನ ಆಡುಮಾತು ಸಲೀಸಲ್ಲ. ನಿಮ್ಮ ಕಡೆಯವರು ರಾವಬಹಾದ್ದೂರರ ‘ಗ್ರಾಮಾಯಣ’ ಹಿಡಿದು ನೋಡಿ, ಆಗ ನಮ್ಮ ಮಾತು ನಿಮಗೆ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಆದರೆ ಒಂದು ಐವತ್ತು ಪುಟ ತಾಳಿಕೊಂಡರೆ ಕಿವಿ ಹೊಂದಿಕೊಳ್ಳುತ್ತದೆ. ಹೊಸ ಊರಿಗೆ ವರ್ಗವಾಗಿ ಹೋದಾಗ ಮೊದಲ ತಿಂಗಳು ಅಲ್ಲಿನವರ ಮಾತು ಅರ್ಧ ತಿಳಿಯುತ್ತದೆ, ಆಮೇಲೆ ನಾವೇ ಹಾಗೆ ಮಾತಾಡುತ್ತೇವೆ. ಹಾಗೆಯೇ ಇದು.

ದಪ್ಪ ಪುಸ್ತಕ ಹೇಗೆ ಓದೋದು ಅಂತ ಕೇಳಿದ್ದೀರಿ. ನಮ್ಮ ತಂದೆಯವರ ರೀತಿ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರಬಹುದು.

ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು, ಗೂಡ್ಸ್ ಗಾಡಿಗೆ. ಗೂಡ್ಸ್ ಅಂದರೆ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಯಾವುದೋ ಸಣ್ಣ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ತಾಸುಗಟ್ಟಲೆ ನಿಲ್ಲಬೇಕು. ಹಗಲು ಹಾಗೆ ನಿಂತಾಗ ಅವರು ಬ್ರೇಕ್ ವ್ಯಾನಿನಲ್ಲಿ ಕೂತು ಓದುತ್ತಿದ್ದರು. ಗಾರ್ಡುಗಳಿಗೆ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು, ಲೈನ್ ಬಾಕ್ಸ್ ಅಂತ. ಅದರಲ್ಲಿ ಬಾವುಟ, ದೀಪ, ಪಟಾಕಿ ಸಿಗ್ನಲ್ಲು, ರಿಜಿಸ್ಟರು. ಉಳಿದ ಜಾಗದಲ್ಲಿ ಊಟದ ಡಬ್ಬಿ. ಅದರ ಪಕ್ಕ ಇಷ್ಟು ದೊಡ್ಡ ಕಾದಂಬರಿ ಕೂರುತ್ತಿರಲಿಲ್ಲ.

ಅದಕ್ಕೆ ಅವರು ಬ್ಲೇಡು ತಗೊಂಡು ‘ಮಲೆಗಳಲ್ಲಿ ಮದುಮಗಳು’ವನ್ನು ಬೆನ್ನಿನಲ್ಲಿ ಕೊಯ್ದು ಮೂರು ಭಾಗ ಮಾಡಿದರು. ಒಂದೊಂದಕ್ಕೂ ಬೇರೆ ಬೇರೆ ರಟ್ಟು, ಕಪ್ಪು ಕ್ಯಾಲಿಕೋ ಬಟ್ಟೆ ಹಾಕಿಸಿ ಬೈಂಡ್ ಮಾಡಿಸಿದರು. ಬೆನ್ನಿನ ಮೇಲೆ ಬಿಳಿ ಪೇಂಟಿನಲ್ಲಿ 1, 2, 3. ಡ್ಯೂಟಿಗೆ ಹೋಗುವಾಗ ಒಂದು ಭಾಗ ಒಯ್ಯುತ್ತಿದ್ದರು. ಆ ಮೂರೂ ಈಗ ನನ್ನ ಹತ್ತಿರ ಇವೆ. ಎರಡನೇ ಭಾಗದ ಅಂಚಿಗೆ ಸೀಮೆ ಎಣ್ಣೆ ಕಲೆ ಆಗಿದೆ, ಹಳದಿ ಬಣ್ಣಕ್ಕೆ ತಿರುಗಿದೆ. ಇಷ್ಟು ವರ್ಷವಾದರೂ ಆ ಭಾಗ ತೆರೆದರೆ ಸಣ್ಣಗೆ ವಾಸನೆ ಬರುತ್ತದೆ.

ಗುಬ್ಬಚ್ಚಿ:

ಪುಸ್ತಕ ಕೊಯ್ಯೋದಾ? ಅಯ್ಯೋ. ಓದಿ ಹೊಟ್ಟೆ ಕಿವುಚಿದ ಹಾಗಾಯಿತು. ಆದರೆ ಸೀಮೆ ಎಣ್ಣೆ ವಾಸನೆ ಬಗ್ಗೆ ಓದಿದ ಮೇಲೆ ಬೈಯಲು ಮನಸ್ಸು ಬರುತ್ತಿಲ್ಲ.

ಕಾಫಿತೋಟ:

ನನಗೆ ಸಿಟ್ಟು ಬಂತು, ಕ್ಷಮಿಸಿ ಸಾಧನಕೇರಿ ಸರ್. ಪುಟದ ತುದಿ ಮಡಚಿದರೂ ನಮ್ಮನೆಯಲ್ಲಿ ಬೈಯುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಬರೆದವರು ಒಂದಾಗಿ ಬರೆದದ್ದನ್ನು ಒಂದಾಗಿಯೇ ಇಡಬೇಕು ಅನ್ನೋದು ನನ್ನ ಮಾತು.

ಸಾಧನಕೇರಿ:

ನಿಮ್ಮ ಮಾತು ಒಪ್ಪುತ್ತೇನೆ. ನಾನೂ ಕೊಯ್ಯುವುದಿಲ್ಲ. ಆದರೆ ಅವರು ಆ ಪುಸ್ತಕವನ್ನು ನನಗೆ ಗೊತ್ತಿದ್ದ ಹಾಗೆ ಐದು ಸಲ ಓದಿದರು. ಇಡಿಯಾಗಿ ಇದ್ದಿದ್ದರೆ ಅದು ಮನೆಯಲ್ಲೇ ಉಳಿಯುತ್ತಿತ್ತು, ಅವರು ಗಾಡಿಯಲ್ಲಿ ಇರುತ್ತಿದ್ದರು.

ದಬ್ಬಣ ದಾರ:

ಕೊಯ್ಯುವವರ ಮಾತು ಬಂತು. ನಾನು ಹೊಲಿಯುವವರ ಮಾತು ಹೇಳುತ್ತೇನೆ.

ನಮ್ಮದು ಮೈಸೂರು. ನನಗೀಗ 66. ನಮ್ಮ ತಾಯಿಯ ಕಾಲದಲ್ಲಿ ಕಾದಂಬರಿ ಕೊಂಡು ಓದುವವರು ಕಡಿಮೆ. ವಾರಪತ್ರಿಕೆ ಬರುತ್ತಿತ್ತು. ‘ಪ್ರಜಾಮತ’, 1965ರಿಂದ ‘ಸುಧಾ’. ಧಾರಾವಾಹಿ ಬರುವ ಹಾಳೆಯನ್ನು ಪ್ರತಿ ವಾರ ಬಿಡಿಸಿ, ಹಾಸಿಗೆ ಕೆಳಗೆ ಚಪ್ಪಟೆಯಾಗಿ ಇಡುತ್ತಿದ್ದರು. ಕಾದಂಬರಿ ಮುಗಿದ ಮೇಲೆ ಎಲ್ಲಾ ಸೇರಿಸಿ ದಬ್ಬಣದಲ್ಲಿ ತೂತು ಮಾಡಿ, ಗೋಣಿ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹೊದಿಕೆ ಹಾಕುತ್ತಿದ್ದರು. ನಮ್ಮ ಬೀದಿಯಲ್ಲಿ ಹೀಗೆ ಹೊಲಿದ ಕಾದಂಬರಿಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಒಗ್ಗರಣೆ ಕೈಯಲ್ಲಿ ಮುಟ್ಟಿದ ಗುರುತೂ ಇರುತ್ತಿತ್ತು.

ಅಂಥದ್ದೊಂದು ಈಗಲೂ ಇಟ್ಟುಕೊಂಡಿದ್ದೇನೆ. ಮೊದಲ ಹಾಳೆ ಹರಿದುಹೋಗಿ ಹೆಸರೇ ಇಲ್ಲ. ಒಂದು ಕಂತು ಮುಗಿದ ಕಡೆ ತಲೆಗೂದಲಿನ ಎಣ್ಣೆ ಜಾಹೀರಾತು, ಇನ್ನೊಂದರ ಹಿಂದೆ ಅರ್ಧ ಮಾತ್ರ ಉಳಿದ ಹಯಗ್ರೀವ ಮಾಡುವ ವಿಧಾನ. ನಡುವೆ ಒಂದು ಕಂತು ಅಚ್ಚಿನದಲ್ಲ, ಕೈಬರಹ. ಆ ವಾರದ ಸಂಚಿಕೆಯನ್ನು ಯಾರೋ ಓದಲು ಒಯ್ದು ವಾಪಸ್ ಕೊಡಲಿಲ್ಲವಂತೆ. ಅಮ್ಮ ವಾಚನಾಲಯಕ್ಕೆ ಹೋಗಿ ಕೂತು ಇಡೀ ಕಂತನ್ನು ನನ್ನ ಶಾಲೆಯ ನೋಟ್‌ಬುಕ್ಕಿನ ಹಾಳೆಗಳಲ್ಲಿ ನಕಲು ಮಾಡಿ ತಂದಿದ್ದರು. ನೀಲಿ ಮಸಿ, ಗೆರೆ ಮೇಲೆ ಗುಂಡು ಗುಂಡು ಅಕ್ಷರ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆ ಹನ್ನೊಂದು ಹಾಳೆಯಲ್ಲಿ ಒಂದು ಚಿತ್ತೂ ಇಲ್ಲ.

ಗುಬ್ಬಚ್ಚಿ ಮಗು, ಬಿಟ್ಟಿದ್ದಕ್ಕೆ ಬೇಜಾರಿಲ್ಲ ಅಂದೆಯಲ್ಲ, ಸರಿಯೇ. ಎಲ್ಲಾ ಪುಸ್ತಕ ಎಲ್ಲರಿಗೂ ಅಲ್ಲ. ಆದರೆ ಬಿಟ್ಟದ್ದನ್ನು ಯಾರಿಗೂ ಕೊಟ್ಟುಬಿಡಬೇಡ. ಮನೆಯಲ್ಲೇ ಇರಲಿ.

ಊರ ಗ್ರಂಥಾಲಯ:

ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕ. ಅರಿವು ಕೇಂದ್ರ ಅಂತ ಬೋರ್ಡು ಬಂದಿದೆ. ಊರವರು ಈಗಲೂ ಲೈಬ್ರರಿ ಅಂತಲೇ ಕರೆಯುತ್ತಾರೆ.

ನಿಜ ಹೇಳಬೇಕು. ನಮ್ಮಲ್ಲಿ ದಪ್ಪ ಪುಸ್ತಕಗಳು ಹೊಸದರಂತೆ ಇವೆ. ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿ ನೋಡಿದರೆ ಗೊತ್ತಾಗುತ್ತದೆ. ಒಂದರಲ್ಲಿ ಕೊನೆಯ ಮೊಹರು 2009ರದ್ದು. ಹುಡುಗರು ಬರುತ್ತಾರೆ, ಬೆಳಗ್ಗೆಯಿಂದ ಸಂಜೆವರೆಗೆ ಕೂರುತ್ತಾರೆ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಾರೆ. ಕತೆ ಪುಸ್ತಕ ಮುಟ್ಟುವುದಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕೆಲಸ ಸಿಕ್ಕಿದರೆ ಮನೆ ನಡೆಯುತ್ತದೆ.

ಕತೆ ಕಾದಂಬರಿ ಕೇಳಿ ಒಯ್ಯುವವರು ಹೆಂಗಸರು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿ ಇದ್ದಾರೆ. ಬೆಳಗ್ಗೆ ಆರೂ ಕಾಲಿಗೆ ಕಂಪನಿ ಬಸ್ಸು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ಬಸ್ಸಿನಲ್ಲೇ ಓದು. ‘ಫಣಿಯಮ್ಮ’ ಮೂರು ದಿನದಲ್ಲಿ ಮುಗಿಸಿ ತಂದುಕೊಟ್ಟರು. ಕೊಡುವಾಗ, "ಸರ್, ಈ ಫಣಿಯಮ್ಮ ನಿಜವಾಗ್ಲೂ ಇದ್ದರಾ?" ಅಂತ ಕೇಳಿದರು. ಇದ್ದರು, ಇಂದಿರಾ ಅವರು ತಮ್ಮ ಮನೆತನದಲ್ಲೇ ಇದ್ದ ಒಬ್ಬ ಅಜ್ಜಿಯ ಬದುಕನ್ನೇ ಬರೆದದ್ದು ಅಂದೆ. ಅವರು ಪುಸ್ತಕ ವಾಪಸ್ ತಗೊಂಡು, "ಹಾಗಾದ್ರೆ ಇನ್ನೊಂದ್ಸಲ ಓದ್ತೀನಿ" ಅಂತ ಒಯ್ದರು. ಚೀಟಿ ಮೇಲೆ ಅದೇ ದಿನಾಂಕದ ಎರಡು ಮೊಹರು ಬಿತ್ತು, ಒಂದು ಬಂದದ್ದಕ್ಕೆ, ಒಂದು ಹೋದದ್ದಕ್ಕೆ.

ನಾವೆಲ್ಲ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ನೂರಕ್ಕೆ ಆರು ರೂಪಾಯಿ. 1965ರ ಕಾಯ್ದೆಯಿಂದ ಬಂದದ್ದು. ಅದು ನಿಮ್ಮದೇ ದುಡ್ಡು. ಹತ್ತಿರದ ಲೈಬ್ರರಿಗೆ ಹೋಗಿ ಬೇಕಾದ ಪುಸ್ತಕದ ಹೆಸರು ಬರೆದು ಕೊಡಿ. ಕೇಳುವವರಿದ್ದರೆ ನಮಗೂ ತರಿಸಲು ಬಲ ಬರುತ್ತದೆ.

ಕಾಫಿತೋಟ:

ಈ ಮೇಲಿನ ಮಾತಿಗೆ ನನ್ನ ಕೈ ಮುಗಿದೆ.

ನನ್ನ ಈಚಿನ ಓದು ಹೇಳಿಬಿಡುತ್ತೇನೆ. ನಾನು ಸಕಲೇಶಪುರದ ಹತ್ತಿರ ಇರುವುದು, ಹಾಸನ ಜಿಲ್ಲೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮೂರಿನವರಿಗೆ ಬಂತು ಅಂತ ಕುಣಿದಾಡಿದೆವು. ಆದರೆ ಅವರ ಒಂದು ಕತೆಯನ್ನೂ ನಾನು ಓದಿರಲಿಲ್ಲ. ಇದು ನನ್ನನ್ನು ಬಹಳ ದಿನ ಕೊರೆಯಿತು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ನಮ್ಮ ಜಿಲ್ಲೆಯಲ್ಲೇ ಕೂತು ಬರೆದವರನ್ನು ಓದಲು ಲಂಡನ್ನಿನವರು ಹೇಳಬೇಕಾಯಿತು.

ಆಮೇಲೆ ಕನ್ನಡದ್ದೇ ತರಿಸಿದೆ. ‘ಎದೆಯ ಹಣತೆ’ ಕತೆ ಓದಿದ ರಾತ್ರಿ ಮಾತೇ ಹೊರಡಲಿಲ್ಲ. ಆ ತಾಯಿ, ಆ ಮಗಳು ಸಲ್ಮಾ. ಒಂದು ಕತೆ ಓದಿದ ಮೇಲೆ ಕನಿಷ್ಠ ಒಂದು ದಿನ ಬಿಟ್ಟೇ ಇನ್ನೊಂದು. ತುಂಗೆ ಪಕ್ಕದವರು ಹೇಳಿದ ನಿಧಾನ ಸಣ್ಣ ಕತೆಗೂ ಬೇಕು. ಆಮೇಲೆ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದವನ್ನೂ ಓದಿದೆ. ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರ ಮಾಡದೆ ಹಾಗೇ ಬಿಟ್ಟಿದ್ದಾರೆ. ಅದು ಬಹಳ ಹಿಡಿಸಿತು. ಆದರೂ ನನ್ನ ಅಭಿಪ್ರಾಯ, ಕನ್ನಡ ಬರುವವರು ಕನ್ನಡದಲ್ಲೇ ಮೊದಲು ಓದಬೇಕು. ಆ ಹೆಂಗಸರು ಬೈಯುವ ರೀತಿ ನಮ್ಮ ಕಿವಿಗೆ ಮಾತ್ರ ಪೂರ್ತಿ ಕೇಳಿಸುತ್ತದೆ.

ಕೋಡಿ ಕಡಲು:

ಮಸ್ಕತ್‌ನಿಂದ ನಮಸ್ಕಾರ. ಊರು ಕೋಟದ ಹತ್ತಿರ. ಇಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ.

ನನ್ನ ಹತ್ತಿರ ಇರುವುದು ಒಂದೇ ದಪ್ಪ ಪುಸ್ತಕ, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಂದದ್ದು. ತೂಕ ಜಾಸ್ತಿಯಾಗಿ ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿ ಭರಣಿ ತೆಗೆದೆ, ಇದನ್ನು ತೆಗೆಯಲಿಲ್ಲ. ಪ್ರತಿ ವರ್ಷ ಒಮ್ಮೆ ಓದುತ್ತೇನೆ. ಮೂರು ತಲೆಮಾರಿನ ಕತೆ, ನಮ್ಮ ಊರಿನ ಕಡಲ ಕರೆಯದ್ದು. ಸರಸೋತಿ, ಪಾರೋತಿ ಬೆಳಗಿನಿಂದ ಕತ್ತಲೆಯವರೆಗೆ ದುಡಿಯುವುದನ್ನು ಓದುವಾಗ ನನ್ನ ದೊಡ್ಡಮ್ಮನನ್ನೇ ನೋಡಿದಂತೆ ಆಗುತ್ತದೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ನನಗೆ ರಜೆ ಸಿಗಲಿಲ್ಲ. ಆ ವಾರ ಸರಸೋತಿ ಬರುವ ಪುಟಗಳನ್ನು ಹುಡುಕಿ ಹುಡುಕಿ ಓದಿದೆ.

ಇಲ್ಲಿ ರೂಮಿನಲ್ಲಿ ಕನ್ನಡದವರು ಯಾರೂ ಇಲ್ಲ. ನೀವು ಅಮ್ಮನಿಗೆ ಓದಿ ಹೇಳಿದ್ದು ಕೇಳಿ ಆಸೆಯಾಯಿತು. ಒಬ್ಬನೇ ಎಷ್ಟು ಸಲ ಓದಿದರೂ ಮಾತಾಡಲು ಜನ ಬೇಕು.

ಸಾಧನಕೇರಿ:

ಮಾತಾಡಲು ಜನ ಬೇಕು ಅಂದದ್ದು ಬಹಳ ಸರಿ. ನಾನು 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಬಸವಲಿಂಗಯ್ಯನವರು ನಿರ್ದೇಶಿಸಿದ ‘ಮಲೆಗಳಲ್ಲಿ ಮದುಮಗಳು’ ನಾಟಕ ನೋಡಿದೆ. ಮೊದಲು ಮೈಸೂರು ರಂಗಾಯಣದಲ್ಲಿ ಆದದ್ದು. ಒಂಬತ್ತು ಗಂಟೆಯ ನಾಟಕ, ರಾತ್ರಿಯಿಡೀ. ಶಾಲು ಹೊದ್ದು, ಜಾಗ ಬದಲಿಸುತ್ತಾ ಬೆಳಗಿನವರೆಗೆ ಕೂತೆವು. ನನ್ನ ಪಕ್ಕ ಕೂತಿದ್ದ ಅಪರಿಚಿತರೊಬ್ಬರು ಐತ, ಪೀಂಚಲು ಬಂದಾಗಲೆಲ್ಲ ನನ್ನ ಮೊಣಕೈ ತಟ್ಟುತ್ತಿದ್ದರು. ತಂದೆಯವರು ಇರಬೇಕಿತ್ತು ಅಂತ ಆ ರಾತ್ರಿ ಎಷ್ಟು ಸಲ ಅಂದುಕೊಂಡೆನೋ.

ತುಂಗೆ ಪಕ್ಕದವಳು:

ಎಲ್ಲರದ್ದೂ ಅಮ್ಮನಿಗೆ ಓದಿ ಹೇಳಿದೆ. ದಬ್ಬಣ ದಾರ ಅವರ ಕೈಬರಹದ ಕಂತಿನ ಮಾತು ಕೇಳಿ ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಮೊದಲ ಬರಹದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಗುತ್ತಿಯಂಥವರು ಜಗಲಿ ಹತ್ತದೆ ಅಂಗಳದಲ್ಲೇ ನಿಲ್ಲುವ ಪುಟಗಳು ಬರುತ್ತವಲ್ಲ, ಅಲ್ಲಿ ಅಮ್ಮ ಕೈ ಎತ್ತಿ ಓದು ನಿಲ್ಲಿಸಿದರು. "ನಮ್ಮನೆಲೂ ಹಾಗೇ ಇತ್ತು" ಅಂದರು. ಕೆಲಸಕ್ಕೆ ಬರುತ್ತಿದ್ದ ಒಬ್ಬರ ಮಗಳು ಅಮ್ಮನ ವಯಸ್ಸಿನವಳಂತೆ. ಇಬ್ಬರೂ ತೋಟದಲ್ಲಿ ಒಟ್ಟಿಗೆ ಆಡುತ್ತಿದ್ದರು. ಆದರೆ ಅಮ್ಮ ನೀರು ಕುಡಿಯಲು ಒಳಗೆ ಬಂದರೆ ಅವಳು ಅಂಗಳದಲ್ಲಿ ನಿಂತು ಬೊಗಸೆ ಒಡ್ಡಬೇಕಿತ್ತು. ಮೇಲಿಂದ ಹೊಯ್ಯುವ ಕೆಲಸ ಅಮ್ಮನದ್ದೇ. "ಆಗ ನಂಗೆ ಏನೂ ಅನ್ನಿಸ್ಲಿಲ್ಲ ನೋಡು" ಅಂದರು. ಈ ಮಾತನ್ನು ನಲವತ್ತು ವರ್ಷದಲ್ಲಿ ಅವರು ನನ್ನ ಹತ್ತಿರ ಹೇಳಿರಲಿಲ್ಲ. ಆ ರಾತ್ರಿ ಮುಂದೆ ಓದಲಿಲ್ಲ. ಮರುದಿನ ಅಮ್ಮನೇ ಕರೆದು ಅದೇ ಪುಟದಿಂದ ಓದಿಸಿದರು.

ಕೋಡಿ ಕಡಲು ಅವರೇ, ಅಮ್ಮ ಕೇಳುತ್ತಿದ್ದಾರೆ, ‘ಮರಳಿ ಮಣ್ಣಿಗೆ’ಯನ್ನು ನೀವು ಫೋನಿನಲ್ಲಿ ಓದಿ ಹೇಳುತ್ತೀರಾ? ಕುಂದಾಪುರದ ಮಾತು ನನ್ನ ಬಾಯಲ್ಲಿ ಸರಿ ಬರುವುದಿಲ್ಲ, ಅದು ಅಲ್ಲಿಯವರೇ ಓದಬೇಕು ಅಂತಾರೆ.

ಕೋಡಿ ಕಡಲು:

ಖಂಡಿತ ಓದುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸಿ. ಶುಕ್ರವಾರ ನನಗೆ ರಜೆ. ನಿಮ್ಮಲ್ಲಿ ರಾತ್ರಿ 9 ಅಂದರೆ ಇಲ್ಲಿ 7.30. ಆ ಹೊತ್ತಿಗೆ ಅಡುಗೆ ಮುಗಿದಿರುತ್ತದೆ.

ಗುಬ್ಬಚ್ಚಿ:

ನಾನೂ ಸೇರಬಹುದಾ? ಓದಲ್ಲ, ಸುಮ್ನೆ ಕೇಳ್ತೀನಿ. ಅರ್ಥ ಆಗದ ಪದ ಬಂದರೆ ನಡುವೆ ಕೇಳಿದರೆ ಬೇಜಾರಿಲ್ಲ ತಾನೇ?

ದಬ್ಬಣ ದಾರ:

ನನ್ನನ್ನೂ ಸೇರಿಸಿ. ಶುಕ್ರವಾರ ಮೊಮ್ಮಗಳು ಬೇಗ ಮಲಗುತ್ತಾಳೆ.

ತುಂಗೆ ಪಕ್ಕದವಳು:

ಗುಬ್ಬಚ್ಚಿ, ನಡುವೆ ಕೇಳು. ಅಮ್ಮನೂ ಕೇಳುತ್ತಾರೆ. ಹಾಗಾದರೆ ಈ ಶುಕ್ರವಾರ ರಾತ್ರಿ 9ಕ್ಕೆ. ಬೇಕಾದವರು ಖಾಸಗಿ ಸಂದೇಶ ಕಳಿಸಿ, ನಾನೇ ಕಾಲ್‌ಗೆ ಸೇರಿಸುತ್ತೇನೆ. ಹತ್ತು ಪುಟ ಸಾಕು, ಅದಕ್ಕಿಂತ ಜಾಸ್ತಿ ಬೇಡ.